ಹಳೆಯ ಅಂಚೆಚೀಟಿಗಳ ವರ್ಣಛಾಯೆಯನ್ನು ಗುರುತಿಸುವ ಬಗ್ಗೆ ಮಾಹಿತಿ

ಅಂಚೆಚೀಟಿ ಸಂಗ್ರಹಣೆಯಲ್ಲಿ ಆಸಕ್ತಿಯುಳ್ಳ ಸಾರ್ವಜನಿಕರು, ವಿದ್ಯಾರ್ಥಿಗಳು ಹಾಗೂ ಹಿರಿಯರ ಸಂಗ್ರಹಗಳನ್ನು ವಾರಸಾಗಿ ಪಡೆದಿರುವ ಕುಟುಂಬದವರ ಮಾಹಿತಿಗಾಗಿ ಈ ಲೇಖನವನ್ನು ಸಿದ್ಧಪಡಿಸಲಾಗಿದೆ. ಒಂದೇ ಚಿತ್ರ, ಒಂದೇ ಮುಖಬೆಲೆ ಹೊಂದಿರುವ ಎರಡು ಚೀಟಿಗಳು ಬಣ್ಣದ ಛಾಯೆಯಲ್ಲಿ ಮಾತ್ರ ಭಿನ್ನವಾಗಿದ್ದು, ಕ್ಯಾಟಲಾಗ್‌ಗಳಲ್ಲಿ ಅವುಗಳ ಬೆಲೆಗಳ ನಡುವೆ ಹಲವು ಪಟ್ಟು ಅಂತರವಿರುವುದುಂಟು. ಈ ಅಂತರವು ತಪ್ಪು ಗ್ರಹಿಕೆಗೂ, ಕೆಲವೊಮ್ಮೆ ಉದ್ದೇಶಪೂರ್ವಕ ವಂಚನೆಗೂ ಎಡೆಮಾಡಿಕೊಡುತ್ತದೆ. "ಇದು ಅಪರೂಪದ ಛಾಯೆ" ಎಂಬ ಬಾಯಿಮಾತನ್ನು ನಂಬಿ ಹೆಚ್ಚಿನ ಹಣ ತೆತ್ತವರಿದ್ದಾರೆ. ಬೆಲೆಬಾಳುವ ಚೀಟಿಯನ್ನು ಮಾಸಿದ ಚೀಟಿ ಎಂದು ಭಾವಿಸಿ ರದ್ದಿಯೊಡನೆ ಕೊಟ್ಟವರೂ ಇದ್ದಾರೆ.

ಛಾಯೆಯನ್ನು ನಿರ್ಣಯಿಸುವಾಗ ಪಾಲಿಸಬೇಕಾದ ಮುಖ್ಯ ನಿಯಮವನ್ನು ಆರಂಭದಲ್ಲಿಯೇ ತಿಳಿಸುವುದು ಉಚಿತ. ಬಣ್ಣವನ್ನು ಕಟ್ಟಕಡೆಗೆ ಪರಿಶೀಲಿಸಬೇಕು. ಚೀಟಿಯ ನೀರುಗುರುತು, ಕಾಗದ, ಮುದ್ರಣ ವಿಧಾನ, ಅಂಚಿನ ರಂಧ್ರಗಳ ಅಳತೆ ಮತ್ತು ಅಂಚೆ ಠಸ್ಸೆಯ ದಿನಾಂಕ ಇವುಗಳನ್ನು ಮೊದಲು ಖಚಿತಪಡಿಸಿಕೊಂಡಲ್ಲಿ, ಬಣ್ಣದ ಬಗೆಗಿನ ಅರ್ಧದಷ್ಟು ಸಂದೇಹಗಳು ತಾವಾಗಿಯೇ ಪರಿಹಾರವಾಗುತ್ತವೆ. ಬಣ್ಣದಿಂದಲೇ ಆರಂಭಿಸಿದವರು ತಮಗೆ ಬೇಕಾದ ಬಣ್ಣವನ್ನೇ ಕಾಣುವ ಸಂಭವ ಹೆಚ್ಚು.

ಛಾಯಾಭೇದಗಳು ಉಂಟಾಗುವ ಬಗೆ

ಹತ್ತೊಂಬತ್ತನೆಯ ಶತಮಾನದಲ್ಲಿ ಮುದ್ರಣದ ಶಾಯಿಯನ್ನು ಕೈಯಿಂದ ಅರೆದು, ಪ್ರತಿ ಮುದ್ರಣಕ್ಕೂ ಹೊಸದಾಗಿ ಮಿಶ್ರಣ ಮಾಡಲಾಗುತ್ತಿತ್ತು. ಒಂದೇ ಚೀಟಿಯನ್ನು ಹತ್ತಾರು ವರ್ಷಗಳ ಕಾಲ ಮುದ್ರಿಸುವಾಗ ಮೊದಲ ಮಿಶ್ರಣಕ್ಕೂ ಕೊನೆಯ ಮಿಶ್ರಣಕ್ಕೂ ವ್ಯತ್ಯಾಸವಾಗುವುದು ಸಹಜವಾಗಿತ್ತು. ಇಂತಹ ಛಾಯೆಗಳ ಪೈಕಿ ಮುದ್ರಣದ ಕಾಲವನ್ನು ಸೂಚಿಸುವಂಥವುಗಳನ್ನು ಮಾತ್ರ ಕ್ಯಾಟಲಾಗ್‌ನವರು ಸಾಮಾನ್ಯವಾಗಿ ಪ್ರತ್ಯೇಕವಾಗಿ ನಮೂದಿಸುತ್ತಾರೆ. ಉಳಿದವು ಸಂಗ್ರಾಹಕರ ಕುತೂಹಲದ ವಿಷಯಗಳಷ್ಟೆ.

ಬಣ್ಣದ ಇತಿಹಾಸಕ್ಕೆ ಭಾರತದ ಪ್ರಥಮ ಅಖಿಲ ಭಾರತ ಅಂಚೆಚೀಟಿಗಳೇ ಉತ್ತಮ ನಿದರ್ಶನ. 1854ರಲ್ಲಿ ಕಲ್ಕತ್ತೆಯ ಸರ್ವೆ ಕಚೇರಿಯಲ್ಲಿ ಕ್ಯಾಪ್ಟನ್ ಥುಯಿಲಿಯರ್ ಅವರ ಮೇಲ್ವಿಚಾರಣೆಯಲ್ಲಿ ಶಿಲಾಮುದ್ರಣ ವಿಧಾನದಿಂದ ಅರ್ಧ ಆಣೆಯ ಚೀಟಿಗಳ ಮುದ್ರಣ ಆರಂಭವಾಯಿತು. ಮೊದಲು ಆಯ್ಕೆ ಮಾಡಿದ್ದು ಇಂಗ್ಲೆಂಡಿನಿಂದ ತರಿಸಿದ ಕೆಂಪು ಶಾಯಿ. ಆ ಶಾಯಿಯ ದಾಸ್ತಾನು ಮುಗಿದುಹೋಯಿತು. ಸ್ಥಳೀಯವಾಗಿ ದೊರೆತ ಕೆಂಪು ಶಾಯಿಯು ಮುದ್ರಣಶಿಲೆಗೆ ಹೊಂದಲಿಲ್ಲ. ಪರಿಣಾಮವಾಗಿ ಅರ್ಧ ಆಣೆಯ ಚೀಟಿಯು 1854ರ ಅಕ್ಟೋಬರ್‌ನಲ್ಲಿ ನೀಲಿ ಬಣ್ಣದಲ್ಲಿ ಚಲಾವಣೆಗೆ ಬಂದಿತು. ಕೆಂಪು ಬಣ್ಣದವು ಚಲಾವಣೆಗೆ ಬರಲೇ ಇಲ್ಲ. ಕೆಂಪು ಚೀಟಿಯ ಪಕ್ಕದ ಅಂಚಿನಲ್ಲಿ ಒಂಬತ್ತೂವರೆ ಕಮಾನುಗಳಿದ್ದು, ನಂತರ ಹೊರಬಂದ ನೀಲಿ ಚೀಟಿಯಲ್ಲಿ ಎಂಟು ಕಮಾನುಗಳಿವೆ. ಆದ್ದರಿಂದ ಯಾರಾದರೂ ಕೆಂಪು ಅರ್ಧ ಆಣೆಯನ್ನು ತೋರಿಸಿದಲ್ಲಿ, ಬಣ್ಣವನ್ನು ಮೆಚ್ಚುವುದಕ್ಕೆ ಮುಂಚೆ ಭೂತಕನ್ನಡಿ ಹಿಡಿದು ಕಮಾನುಗಳನ್ನು ಎಣಿಸತಕ್ಕದ್ದು. ನೀಲಿ ಚೀಟಿಯಲ್ಲಿಯೂ ತಿಳಿನೀಲಿ, ನೀಲಿ, ಕಡುನೀಲಿ ಮತ್ತು ಇಂಡಿಗೊ ಎಂಬ ಛಾಯೆಗಳನ್ನು ಗುರುತಿಸಲಾಗಿದೆ.

ಬಣ್ಣವನ್ನು ಆಡಳಿತಾತ್ಮಕ ಕಾರಣಕ್ಕಾಗಿ ಬದಲಾಯಿಸಿದ ಸಂದರ್ಭಗಳೂ ಇವೆ. ಬ್ರಿಟನ್ನಿನ 1840ರ ಕಪ್ಪು ಪೆನ್ನಿ ಚೀಟಿಯ ಮೇಲೆ ಹಾಕುತ್ತಿದ್ದ ಕೆಂಪು ಠಸ್ಸೆಯನ್ನು ಅಳಿಸಿ ಚೀಟಿಯನ್ನು ಪುನಃ ಬಳಸುವ ಅಪಾಯವಿದ್ದುದರಿಂದ, 1841ರಲ್ಲಿ ಚೀಟಿಯನ್ನು ಕೆಂಪುಗಂದು ಬಣ್ಣಕ್ಕೂ ಠಸ್ಸೆಯನ್ನು ಕಪ್ಪು ಬಣ್ಣಕ್ಕೂ ಬದಲಾಯಿಸಲಾಯಿತು. ಆ ಕಾಲದ ಶಾಯಿಯಲ್ಲಿದ್ದ ರಾಸಾಯನಿಕದ ಕಾರಣ ಅನೇಕ ಚೀಟಿಗಳ ಕಾಗದವೇ ನೀಲಿಯಾಗಿದೆ. ಕಾಗದ ನೀಲಿಯಾದರೆ ಮೇಲಿನ ಕೆಂಪೂ ಬೇರೆಯಾಗಿ ಕಾಣುವುದನ್ನು ಇಲ್ಲಿ ಗಮನಿಸಬೇಕು.

ಅರ್ಧ ಆಣೆಯ ಎರಡು ಹಸಿರುಗಳು

ಛಾಯೆಯೊಂದೇ ಎರಡು ಚೀಟಿಗಳನ್ನು ಬೇರ್ಪಡಿಸುವ ಸಂದರ್ಭಕ್ಕೆ ರಾಣಿ ವಿಕ್ಟೋರಿಯಾ ಕಾಲದ ಅರ್ಧ ಆಣೆಯ ಹಸಿರು ಚೀಟಿಯನ್ನು ಉದಾಹರಿಸಬಹುದು. ಲಂಡನ್ನಿನ ಡೆ ಲಾ ರೂ ಸಂಸ್ಥೆಯು ಮುದ್ರಿಸಿದ, 1882ರಲ್ಲಿ ಆರಂಭವಾದ ಸರಣಿಯಲ್ಲಿ ಅರ್ಧ ಆಣೆಯು ನೀಲಿ ಮಿಶ್ರಿತ ಹಸಿರಾಗಿತ್ತು. ಕಾಗದದಲ್ಲಿ ನಕ್ಷತ್ರದ ನೀರುಗುರುತು ಇದೆ. ವಿಶ್ವ ಅಂಚೆ ಒಕ್ಕೂಟವು 1897ರ ವಾಷಿಂಗ್ಟನ್ ಅಧಿವೇಶನದಲ್ಲಿ ವಿದೇಶಿ ಟಪಾಲಿನ ಮುಖ್ಯ ದರಗಳ ಚೀಟಿಗಳಿಗೆ ಹಸಿರು, ಕೆಂಪು ಮತ್ತು ನೀಲಿ ಬಣ್ಣಗಳನ್ನು ಗೊತ್ತುಪಡಿಸಿದ ತರುವಾಯ, ಭಾರತದಲ್ಲಿಯೂ 1900ರ ಅಕ್ಟೋಬರ್‌ನಿಂದ ಹಲವು ಚೀಟಿಗಳ ಬಣ್ಣ ಬದಲಾಯಿತು. ಒಂದು ಆಣೆಯು ನೇರಳೆಗಂದಿನಿಂದ ಕಾರ್ಮೈನ್ ಕೆಂಪಿಗೆ, ಎರಡು ಆಣೆಯು ನೀಲಿಯಿಂದ ತಿಳಿ ಊದಾ ಬಣ್ಣಕ್ಕೆ, ಎರಡೂವರೆ ಆಣೆಯು ಹಸಿರಿನಿಂದ ಅಲ್ಟ್ರಾಮರೀನ್ ನೀಲಿಗೆ ಬದಲಾದವು. ಇವುಗಳಲ್ಲಿ ಗೊಂದಲಕ್ಕೆ ಅವಕಾಶವಿಲ್ಲ. ಆದರೆ ಅರ್ಧ ಆಣೆಯು ಹಸಿರಿನಿಂದ ಹಸಿರಿಗೇ ಬದಲಾಯಿತು. ನೀಲಿ ಮಿಶ್ರಿತ ಹಸಿರು ಹೋಗಿ ಹಳದಿ ಮಿಶ್ರಿತ ಹಸಿರು ಬಂದಿತು. ಚಿತ್ರ, ನೀರುಗುರುತು ಮತ್ತು ರಂಧ್ರಗಳ ಅಳತೆ ಬದಲಾಗಲಿಲ್ಲ.

ಎರಡನ್ನೂ ಅಕ್ಕಪಕ್ಕದಲ್ಲಿಟ್ಟರೆ ವ್ಯತ್ಯಾಸವು ಮಗುವಿಗೂ ತಿಳಿಯುತ್ತದೆ. ಒಂದೇ ಚೀಟಿ ಕೈಯಲ್ಲಿದ್ದಾಗ ಮಾತ್ರ ಸಂಶಯ ಆರಂಭವಾಗುತ್ತದೆ. ಹಳೆಯ ಅಂಟಿನ ಕಾರಣದಿಂದ ಕಾಗದವು ಹಳದಿಗಟ್ಟಿದ್ದರೆ ನೀಲಿಹಸಿರು ಸಹ ಹಳದಿಹಸಿರಿನಂತೆ ತೋರುತ್ತದೆ. ಇಂತಹ ಸಂದರ್ಭದಲ್ಲಿ ಠಸ್ಸೆಯ ದಿನಾಂಕವನ್ನು ಓದಲು ಪ್ರಯತ್ನಿಸಬೇಕು. ದಿನಾಂಕವು 1900ರ ಅಕ್ಟೋಬರ್‌ಗೆ ಮುಂಚಿನದಾಗಿದ್ದಲ್ಲಿ ಚೀಟಿಯು ಕಣ್ಣಿಗೆ ಎಷ್ಟೇ ಹಳದಿಯಾಗಿ ಕಂಡರೂ ಅದು ಹಳೆಯ ನೀಲಿಹಸಿರೇ ಸರಿ. ಆದರೆ ಇದರ ವಿಲೋಮವು ಸರಿಯಲ್ಲ. ಹಳೆಯ ದಾಸ್ತಾನಿನ ಚೀಟಿಗಳು ಬಣ್ಣ ಬದಲಾದ ನಂತರವೂ ಬಳಕೆಯಲ್ಲಿದ್ದುದರಿಂದ, 1901ರ ಠಸ್ಸೆ ಇದ್ದ ಮಾತ್ರಕ್ಕೆ ಚೀಟಿಯು ಹಳದಿಹಸಿರು ಎಂದು ತೀರ್ಮಾನಿಸಲಾಗದು. ಠಸ್ಸೆಯು ಒಂದು ಸಾಧ್ಯತೆಯನ್ನು ತಳ್ಳಿಹಾಕಬಲ್ಲದು, ಇನ್ನೊಂದನ್ನು ಸಾಬೀತುಪಡಿಸಲಾರದು. ಈ ಎರಡೂ ಚೀಟಿಗಳು ಬಳಸಿದ ಸ್ಥಿತಿಯಲ್ಲಿ ಇಂದಿಗೂ ಅಲ್ಪ ಬೆಲೆಗೆ ದೊರೆಯುತ್ತವೆ. ಇವುಗಳ ವ್ಯತ್ಯಾಸದಿಂದ ಯಾರೂ ಶ್ರೀಮಂತರಾಗುವುದಿಲ್ಲವಾದರೂ, ಕಣ್ಣನ್ನು ಪಳಗಿಸಲು ಇಷ್ಟು ಅಗ್ಗದ ಪಠ್ಯಪುಸ್ತಕ ಬೇರೊಂದಿಲ್ಲ. ಹೊಸ ಸಂಗ್ರಾಹಕರು ದುಬಾರಿ ಛಾಯೆಗಳ ಹಿಂದೆ ಹೋಗುವ ಮುನ್ನ ಇಂತಹ ಇಪ್ಪತ್ತು ಮೂವತ್ತು ಚೀಟಿಗಳನ್ನು ದಿನಾಂಕಾನುಸಾರ ಜೋಡಿಸಿ ನೋಡುವುದು ಒಳ್ಳೆಯದು.

ಬಣ್ಣ ಬದಲಾದ ಚೀಟಿಗಳು

ಅಪರೂಪದ ಛಾಯೆ ಎಂದು ಮಾರಾಟಕ್ಕೆ ಬರುವ ಚೀಟಿಗಳಲ್ಲಿ ಅನೇಕವು ಮುದ್ರಣಾಲಯದಿಂದ ಆ ಬಣ್ಣದಲ್ಲಿ ಹೊರಬಂದವುಗಳಲ್ಲ. ಬಿಸಿಲು, ನೀರು, ಗಾಳಿ ಅಥವಾ ಮನುಷ್ಯರ ಕೈಚಳಕದಿಂದ ಬಣ್ಣ ಬದಲಾದವುಗಳು. ಇವುಗಳಿಗೆ ಸಂಗ್ರಹದಲ್ಲಿ ಹಾಳಾದ ಚೀಟಿಯ ಬೆಲೆಯಷ್ಟೇ ಸಲ್ಲುತ್ತದೆ.

ಕಿತ್ತಳೆ ಮತ್ತು ಹಳದಿ ಬಣ್ಣದ ಹಳೆಯ ಚೀಟಿಗಳು ಕಂದು ಅಥವಾ ಕಪ್ಪು ಬಣ್ಣಕ್ಕೆ ತಿರುಗುವುದು ಬಹು ಸಾಮಾನ್ಯ. ಸೀಸದ ಸಂಯುಕ್ತವಿರುವ ಶಾಯಿಯು ಗಾಳಿಯಲ್ಲಿನ ಗಂಧಕದ ಅಂಶದೊಡನೆ ವರ್ತಿಸಿ ಕಪ್ಪಾದ ಸೀಸದ ಸಲ್ಫೈಡ್ ಉಂಟಾಗುವುದೇ ಇದಕ್ಕೆ ಕಾರಣ. ರೂಢಿಯಲ್ಲಿ ಇದನ್ನು ಆಕ್ಸಿಡೀಕರಣ ಎಂದು ಕರೆಯುತ್ತಾರಾದರೂ ಆ ಹೆಸರು ಸರಿಯಲ್ಲ. ಹೈಡ್ರೋಜನ್ ಪೆರಾಕ್ಸೈಡ್ ಲೇಪಿಸಿದಾಗ ಕಪ್ಪು ಸಲ್ಫೈಡ್ ಬಿಳಿಯ ಸಲ್ಫೇಟ್ ಆಗಿ ಮಾರ್ಪಟ್ಟು ಮೂಲ ಬಣ್ಣವು ಬಹುಮಟ್ಟಿಗೆ ಮರಳುತ್ತದೆ. ಈ ಉಪಚಾರ ಮಾಡಿದ ಚೀಟಿಯನ್ನು ಮಾರುವಾಗ ಕೊಳ್ಳುವವರಿಗೆ ಅದನ್ನು ತಿಳಿಸುವುದು ನ್ಯಾಯ. ಭಾರತದ 1865ರ ಎರಡು ಆಣೆಯ ಚೀಟಿಯಲ್ಲಿ ಹಳದಿ, ಕಿತ್ತಳೆ ಮತ್ತು ಕಂದುಗಿತ್ತಳೆ ಛಾಯೆಗಳು ಕ್ಯಾಟಲಾಗ್‌ನಲ್ಲಿ ನಮೂದಾಗಿವೆ. ಕಂದುಗಿತ್ತಳೆ ಎಂದು ಹೇಳಲಾಗುವ ಚೀಟಿಯಲ್ಲಿ ಕಂದು ಬಣ್ಣವು ಎಲ್ಲೆಡೆ ಸಮನಾಗಿದೆಯೇ, ಅಥವಾ ಅಂಚುಗಳಲ್ಲಿ ಮತ್ತು ಶಾಯಿ ದಟ್ಟವಾಗಿರುವ ಗೆರೆಗಳಲ್ಲಿ ಮಾತ್ರ ಕಪ್ಪಾಗಿದೆಯೇ ಎಂದು ಭೂತಕನ್ನಡಿಯಿಂದ ನೋಡಬೇಕು. ಎರಡನೆಯ ಸ್ಥಿತಿಯಾಗಿದ್ದಲ್ಲಿ ಅದು ಗಂಧಕದ ಕೆಲಸವೆಂದು ಶಂಕಿಸಲು ಕಾರಣವಿದೆ. ಚೀಟಿಗಳ ಕಟ್ಟುಗಳಿಗೆ ರಬ್ಬರ್ ಬ್ಯಾಂಡ್ ಹಾಕಿಡುವ ಅಭ್ಯಾಸವನ್ನು ಈ ಕಾರಣಕ್ಕಾಗಿಯೇ ಬಿಡಬೇಕು, ರಬ್ಬರಿನಲ್ಲಿಯೂ ಗಂಧಕವಿರುತ್ತದೆ.

ಹಸಿರು ಚೀಟಿಗಳು ನೀಲಿಯಾಗುವುದು ಇನ್ನೊಂದು ಬಗೆ. ನೀಲಿ ಮತ್ತು ಹಳದಿ ವರ್ಣದ್ರವ್ಯಗಳನ್ನು ಬೆರೆಸಿ ಮಾಡಿದ ಹಸಿರಿನಲ್ಲಿ ಹಳದಿಯು ಬಿಸಿಲಿಗೆ ಬೇಗ ಮಾಸುತ್ತದೆ, ನೀಲಿ ಉಳಿಯುತ್ತದೆ. ಇಂತಹ ಚೀಟಿಯನ್ನು "ಹಳದಿ ಬಣ್ಣ ಬಿಟ್ಟುಹೋದ ಮುದ್ರಣದೋಷ" ಎಂದು ಮಾರಲು ಯತ್ನಿಸುವವರಿದ್ದಾರೆ. ಕಿಟಕಿಯ ಬಳಿ ಕೆಲವು ವಾರ ಇಟ್ಟರೆ ಯಾರು ಬೇಕಾದರೂ ತಯಾರಿಸಬಹುದಾದ ದೋಷವಿದು.

ನೀರಿನ ವಿಷಯದಲ್ಲಿಯೂ ಎಚ್ಚರಿಕೆ ಅಗತ್ಯ. ಠಸ್ಸೆಯನ್ನು ತೊಳೆಯಲು ಯತ್ನಿಸಿದರೆ ಚೀಟಿಯ ಬಣ್ಣವೂ ಹೋಗಬೇಕೆಂಬ ಉದ್ದೇಶದಿಂದಲೇ ಡೆ ಲಾ ರೂ ಸಂಸ್ಥೆಯವರು ಕೆಲವು ಹಸಿರು ಮತ್ತು ನೇರಳೆ ಶಾಯಿಗಳನ್ನು ನೀರಿಗೆ ಬಿಡುವಂತೆ ತಯಾರಿಸಿದ್ದರು. ಬ್ರಿಟನ್ನಿನ 1883-84ರ ಸರಣಿ ಇದಕ್ಕೆ ಪ್ರಸಿದ್ಧ. ಲಕೋಟೆಯಿಂದ ಬಿಡಿಸಲು ನೀರಿನಲ್ಲಿ ನೆನೆಸಿದ ಹಸಿರು ಚೀಟಿ ಹಳದಿಯಾಗಿ ಹೊರಬರುತ್ತದೆ. ಅದು ಛಾಯೆಯಲ್ಲ, ನಷ್ಟ. ಜಮ್ಮು ಮತ್ತು ಕಾಶ್ಮೀರ ಸಂಸ್ಥಾನದ ಆರಂಭಿಕ ಚೀಟಿಗಳನ್ನು ನೀರುಬಣ್ಣದಲ್ಲಿಯೇ ಮುದ್ರಿಸಿದ್ದರಿಂದ ಅವುಗಳಿಗೆ ನೀರು ತಾಗಿಸಲೇಬಾರದು. ಪ್ರಷ್ಯನ್ ನೀಲಿಯು ಸೋಪು, ವಾಷಿಂಗ್ ಸೋಡಾ ಮುಂತಾದ ಕ್ಷಾರಗಳಿಗೆ ಕೆಡುತ್ತದೆ. ಅಲ್ಟ್ರಾಮರೀನ್ ನೀಲಿಯು ಆಮ್ಲಕ್ಕೆ ಬಿಳಿಚಿಕೊಳ್ಳುತ್ತದೆ. ನೀರುಗುರುತನ್ನು ನೋಡಲು ಬಳಸುವ ಬೆಂಜೀನ್‌ನಂತಹ ದ್ರಾವಣವು ಫೋಟೋಗ್ರೇವರ್ ಮುದ್ರಣದ ಚೀಟಿಗಳ ಶಾಯಿಯನ್ನು ಕರಗಿಸಬಲ್ಲದು. ನಾಸಿಕ್‌ನ ಮುದ್ರಣಾಲಯದಲ್ಲಿ 1952ರ ಸಂತರು ಮತ್ತು ಕವಿಗಳ ಸರಣಿಯಿಂದ ಈ ವಿಧಾನ ಬಳಕೆಗೆ ಬಂದಿರುವುದರಿಂದ, ಆ ನಂತರದ ಚೀಟಿಗಳ ವಿಷಯದಲ್ಲಿ ಇದನ್ನು ನೆನಪಿಡಬೇಕು.

ಕರಾವಳಿ ಮತ್ತು ಮಲೆನಾಡಿನ ಮಳೆಗಾಲದ ತೇವದಲ್ಲಿ ಅಂಟಿನ ಮೇಲೆ ಬೂಷ್ಟು ಹಿಡಿದು, ಕಾಗದವು ಕಂದು ಚುಕ್ಕೆಗಳಿಂದ ಕೂಡಿರುವುದನ್ನು ಅಲ್ಲಿನ ಹಳೆಯ ಆಲ್ಬಂಗಳಲ್ಲಿ ಕಾಣಬಹುದು. ಇಂತಹ ಚೀಟಿಗಳಲ್ಲಿ ಛಾಯೆಯನ್ನು ನಿರ್ಣಯಿಸಲು ಹೋಗದಿರುವುದೇ ಲೇಸು.

ಯಾವ ಬೆಳಕಿನಲ್ಲಿ ನೋಡಬೇಕು

ರೇಷ್ಮೆ ಸೀರೆ ಕೊಳ್ಳುವಾಗ ನಮ್ಮ ಮನೆಗಳ ಹಿರಿಯ ಹೆಣ್ಣುಮಕ್ಕಳು ಅಂಗಡಿಯ ದೀಪವನ್ನು ನಂಬದೆ, ಸೀರೆಯನ್ನು ಬಾಗಿಲ ಬಳಿಗೆ ಒಯ್ದು ಹಗಲು ಬೆಳಕಿನಲ್ಲಿ ನೋಡುತ್ತಾರೆ. ಅಂಚೆಚೀಟಿಗೂ ಇದೇ ಕ್ರಮ ಅನ್ವಯಿಸುತ್ತದೆ. ಬೇರೆ ಬೇರೆ ವರ್ಣದ್ರವ್ಯಗಳಿಂದಾದ ಎರಡು ಬಣ್ಣಗಳು ಒಂದು ದೀಪದಡಿ ಒಂದೇ ಆಗಿ ಕಂಡು, ಇನ್ನೊಂದರಡಿ ಬೇರೆಯಾಗಿ ಕಾಣಬಹುದು. ಉತ್ತರ ದಿಕ್ಕಿನ ಕಿಟಕಿಯಿಂದ ಬರುವ, ನೇರ ಬಿಸಿಲಿಲ್ಲದ ಹಗಲು ಬೆಳಕು ಉತ್ತಮ. ಕೃತಕ ದೀಪ ಅನಿವಾರ್ಯವಾದಲ್ಲಿ 5000ದಿಂದ 6500 ಕೆಲ್ವಿನ್ ವರ್ಣತಾಪದ, ಬಣ್ಣಗಳನ್ನು ಯಥಾವತ್ತಾಗಿ ತೋರುವ ದೀಪವನ್ನು ಬಳಸಬಹುದು. ಹಳದಿ ಬಲ್ಬಿನಡಿ ಯಾವ ತೀರ್ಮಾನವನ್ನೂ ಕೈಗೊಳ್ಳಬಾರದು.

ಕಣ್ಣು ಸುತ್ತಲಿನ ಬಣ್ಣಕ್ಕೆ ಸುಲಭವಾಗಿ ಮೋಸಹೋಗುತ್ತದೆ. ಕಪ್ಪು ಠಸ್ಸೆ ದಟ್ಟವಾಗಿ ಬಿದ್ದ ಚೀಟಿಯ ಬಣ್ಣವು ಬೇರೆಯಾಗಿ ಕಾಣುವುದು ಇದರಿಂದಲೇ. ಬೂದು ಬಣ್ಣದ ದಪ್ಪ ಕಾಗದದಲ್ಲಿ ಒಂದೇ ಅಳತೆಯ ಎರಡು ಚಿಕ್ಕ ಕಿಂಡಿಗಳನ್ನು ಕತ್ತರಿಸಿ, ಒಂದರಡಿ ಸಂದೇಹದ ಚೀಟಿಯನ್ನೂ ಇನ್ನೊಂದರಡಿ ಖಚಿತವಾದ ಚೀಟಿಯನ್ನೂ ಇಟ್ಟು, ಶಾಯಿ ದಟ್ಟವಾಗಿರುವ ಭಾಗಗಳನ್ನು ಮಾತ್ರ ಹೋಲಿಸಬೇಕು. ಕೆಂಪು ಹಸಿರುಗಳ ಭೇದ ತಿಳಿಯದ ವರ್ಣಾಂಧತೆ ಪುರುಷರಲ್ಲಿ ಹೆಚ್ಚು. ವಯಸ್ಸಾದಂತೆ ಕಣ್ಣಿನ ಮಸೂರವೇ ಹಳದಿಯಾಗುತ್ತದೆ. ಆದ್ದರಿಂದ ಇನ್ನೊಬ್ಬರ, ಸಾಧ್ಯವಾದರೆ ಕಿರಿಯರೊಬ್ಬರ ಕಣ್ಣಿನಿಂದಲೂ ಪರೀಕ್ಷಿಸುವುದು ಕ್ಷೇಮ.

ಮೊಬೈಲ್ ಫೋನಿನ ಕ್ಯಾಮೆರಾ ಬಿಳಿಯ ಸಮತೋಲನವನ್ನು ತಾನಾಗಿಯೇ ಹೊಂದಿಸಿಕೊಳ್ಳುತ್ತದೆ. ಪ್ರತಿ ಪರದೆಯೂ ಬಣ್ಣವನ್ನು ತನ್ನದೇ ರೀತಿಯಲ್ಲಿ ತೋರುತ್ತದೆ. ಅಂತರಜಾಲದ ಚಿತ್ರವೊಂದನ್ನೇ ಆಧರಿಸಿ ಛಾಯೆಗೆ ಬೆಲೆ ಕೊಡುವುದು ಸೂಕ್ತವಲ್ಲ.

ಬಣ್ಣಗಳ ಹೆಸರು

ಕ್ಯಾಟಲಾಗ್‌ಗಳು ಬಳಸುವ ಬಣ್ಣದ ಹೆಸರುಗಳನ್ನು ಕನ್ನಡಕ್ಕೆ ತರುವಾಗ ಕೆಲವು ತೊಡಕುಗಳಿವೆ. ನಮ್ಮಲ್ಲಿ ಗಿಳಿಹಸಿರು, ಪಾಚಿಹಸಿರು, ಇಟ್ಟಿಗೆಗೆಂಪು ಮುಂತಾದ ನಿಖರವಾದ ಪದಗಳಿದ್ದರೂ, ನೇರಳೆ ಮತ್ತು ಊದಾ ಎಂಬವುಗಳನ್ನು ಒಬ್ಬೊಬ್ಬರು ಒಂದೊಂದು ಬಣ್ಣಕ್ಕೆ ಬಳಸುತ್ತಾರೆ. ಕ್ಯಾಟಲಾಗ್‌ಗಳಲ್ಲಿಯೂ ಏಕರೂಪತೆ ಇಲ್ಲ. ಒಬ್ಬರ ಕಾರ್ಮೈನ್ ಇನ್ನೊಬ್ಬರಿಗೆ ಗುಲಾಬಿಗೆಂಪು. ಆದುದರಿಂದ ಛಾಯೆಯನ್ನು ಬರೆದಿಡುವಾಗ ಯಾವ ಕ್ಯಾಟಲಾಗ್‌ನ ಯಾವ ಸಂಖ್ಯೆ ಎಂಬುದನ್ನು ಸೇರಿಸಿಯೇ ಬರೆಯಬೇಕು. ಹೆಸರು ಮಾತ್ರ ಇದ್ದಲ್ಲಿ ಹತ್ತು ವರ್ಷಗಳ ನಂತರ ಬರೆದವರಿಗೇ ಅದು ಅರ್ಥವಾಗುವುದಿಲ್ಲ.

ಸ್ಟ್ಯಾನ್ಲಿ ಗಿಬ್ಬನ್ಸ್ ಸಂಸ್ಥೆಯ 200 ಬಣ್ಣಗಳ ವರ್ಣಸೂಚಿಯು ಸಂಗ್ರಾಹಕರಲ್ಲಿ ಹೆಚ್ಚು ಪ್ರಚಲಿತವಾಗಿದೆ. ಪ್ರತಿ ಬಣ್ಣದ ತುಣುಕಿನಲ್ಲಿಯೂ ರಂಧ್ರವಿದ್ದು, ಅದನ್ನು ಚೀಟಿಯ ಮೇಲಿಟ್ಟು ಹೋಲಿಸಬಹುದು. ಇದು ಬಣ್ಣದ ಹೆಸರನ್ನು ತಿಳಿಯಲು ಸಹಾಯಕವೇ ಹೊರತು, ಚೀಟಿಯು ಇಂತಹ ಮುದ್ರಣದ್ದೇ ಎಂದು ಸಾಬೀತುಪಡಿಸಲು ಸಾಲದು. ಸಮತಟ್ಟಾಗಿ ಮುದ್ರಿಸಿದ ಬಣ್ಣದ ತುಣುಕಿಗೂ ಸೂಕ್ಷ್ಮ ಗೆರೆಗಳ ನಡುವೆ ಬಿಳಿ ಕಾಗದ ಇಣುಕುವ ಚೀಟಿಗೂ ಹೋಲಿಕೆ ಎಂದಿಗೂ ಪೂರ್ಣವಾಗಿರದು. ದಿನಾಂಕ ಸ್ಪಷ್ಟವಿರುವ ಠಸ್ಸೆಯುಳ್ಳ ಅಗ್ಗದ ಚೀಟಿಗಳಿಂದ ತಾವೇ ಸಿದ್ಧಪಡಿಸಿಕೊಂಡ ಹೋಲಿಕೆಯ ಪುಟವು ಯಾವುದೇ ವರ್ಣಸೂಚಿಗಿಂತ ಹೆಚ್ಚು ವಿಶ್ವಾಸಾರ್ಹ.

ಅನಿಲೀನ್ ಶಾಯಿಗಳನ್ನು ಗುರುತಿಸಲು ಬಣ್ಣಕ್ಕಿಂತ ಬೇರೆ ಲಕ್ಷಣಗಳಿವೆ. ಐದನೆಯ ಜಾರ್ಜ್ ಕಾಲದ, 1911ರಿಂದ ಬಳಕೆಯಲ್ಲಿದ್ದು 1922ರಲ್ಲಿ ಚಾಕೊಲೇಟ್ ಬಣ್ಣಕ್ಕೆ ಬದಲಾದ ಒಂದು ಆಣೆಯ ಚೀಟಿಯಲ್ಲಿ ಕಾರ್ಮೈನ್, ಗುಲಾಬಿ ಕಾರ್ಮೈನ್ ಮತ್ತು ಅನಿಲೀನ್ ಕಾರ್ಮೈನ್ ಎಂಬ ಛಾಯೆಗಳಿವೆ. ಅನಿಲೀನ್ ಶಾಯಿಯು ಕಾಗದದೊಳಕ್ಕೆ ಇಳಿಯುವ ಗುಣವುಳ್ಳದ್ದಾದ್ದರಿಂದ ಸಾಮಾನ್ಯವಾಗಿ ಚೀಟಿಯ ಹಿಂಬದಿಯಲ್ಲಿಯೂ ನಸುಗೆಂಪಾಗಿ ತೋರುತ್ತದೆ ಮತ್ತು ನೇರಳಾತೀತ ದೀಪದಡಿ ಹೊಳೆಯುತ್ತದೆ. ನೇರಳಾತೀತ ದೀಪವನ್ನು ಬಳಸುವಾಗ ಬರಿಗಣ್ಣಿನಿಂದ ದೀಪವನ್ನು ನೋಡಬಾರದು.

ಕಲ್ಯಾಣ ಕರ್ನಾಟಕದ ಸಂಗ್ರಹಗಳು

ಮೈಸೂರು ಸಂಸ್ಥಾನದ ಅಂಚೆಯು 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯಲ್ಲಿ ವಿಲೀನವಾಯಿತು. ಅದು ಸ್ವಂತ ಅಂಚೆಚೀಟಿಗಳನ್ನು ಹೊರಡಿಸಿರಲಿಲ್ಲ. ಆದರೆ ಅಂದು ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಲಬುರಗಿ, ಬೀದರ್ ಮತ್ತು ರಾಯಚೂರು ಭಾಗಗಳಲ್ಲಿ ನಿಜಾಮರ ಅಂಚೆಚೀಟಿಗಳು ಬಳಕೆಯಲ್ಲಿದ್ದವು. ಅಲ್ಲಿನ ಹಳೆಯ ಮನೆತನಗಳ ಕಾಗದಪತ್ರಗಳ ನಡುವೆ ಇವು ಇಂದಿಗೂ ದೊರೆಯಬಹುದು. 1871ರಲ್ಲಿ ಆರಂಭವಾಗಿ ದೀರ್ಘಕಾಲ ಮುದ್ರಣಗೊಂಡ ಅರ್ಧ ಆಣೆಯ ಚೀಟಿಯು ಕಿತ್ತಳೆಗಂದಿನಿಂದ ಕೆಂಪುಗಂದು, ಇಟ್ಟಿಗೆಗೆಂಪು, ಗುಲಾಬಿಗೆಂಪಿನವರೆಗೆ ಹಲವು ಛಾಯೆಗಳಲ್ಲಿದೆ. ಇಂತಹ ಚೀಟಿಗಳಿರುವ ಲಕೋಟೆಗಳು ದೊರೆತಲ್ಲಿ ದಯವಿಟ್ಟು ಚೀಟಿಯನ್ನು ಬಿಡಿಸಬಾರದು. ಊರಿನ ಠಸ್ಸೆ, ದಿನಾಂಕ ಮತ್ತು ಚೀಟಿಯ ಛಾಯೆ ಮೂರೂ ಒಂದೇ ಲಕೋಟೆಯಲ್ಲಿರುವುದು ಛಾಯೆಯ ಕಾಲವನ್ನು ನಿರ್ಣಯಿಸಲು ದೊರೆಯುವ ಅತ್ಯುತ್ತಮ ದಾಖಲೆ. ಉರ್ದು ಲಿಪಿಯ ಠಸ್ಸೆಗಳನ್ನು ಓದಬಲ್ಲ ಹಿರಿಯರ ನೆರವನ್ನು ಈಗಲೇ ಪಡೆಯುವುದು ಒಳಿತು.

ಖರೀದಿ ಮತ್ತು ಮಾರಾಟದ ಸಂದರ್ಭದಲ್ಲಿ

ಛಾಯೆಗೆ ದೊಡ್ಡ ಬೆಲೆ ಬರುವುದು ಅದರ ಹಿಂದೆ ಖಚಿತವಾದ ಇತಿಹಾಸವಿದ್ದಾಗ. ಬ್ರಿಟನ್ನಿನಲ್ಲಿ 1935ರ ರಜತ ಮಹೋತ್ಸವದ ಎರಡೂವರೆ ಪೆನ್ನಿ ಚೀಟಿಯು ಅಲ್ಟ್ರಾಮರೀನ್ ನೀಲಿಯಲ್ಲಿ ಹೊರಬಂದಿತು. ಬಣ್ಣದ ಪರೀಕ್ಷೆಗೆಂದು ಪ್ರಷ್ಯನ್ ನೀಲಿಯಲ್ಲಿ ಮುದ್ರಿಸಿದ್ದ ಕೆಲವೇ ಹಾಳೆಗಳು ದಾಸ್ತಾನಿನಲ್ಲಿ ಸೇರಿಕೊಂಡು ಉತ್ತರ ಲಂಡನ್ನಿನ ಎಡ್ಮಂಟನ್‌ನಲ್ಲಿ ಮಾರಾಟವಾದವು. ಅವು ಇಂದು ಅತ್ಯಂತ ಬೆಲೆಬಾಳುತ್ತವೆ. ಮಾರಾಟಗಾರರು ಹೇಳುವ ಛಾಯೆಗೆ ಇಂತಹ ದಾಖಲೆಯಾಗಲಿ, ಕ್ಯಾಟಲಾಗ್‌ನ ನಮೂದಾಗಲಿ ಇಲ್ಲದಿದ್ದಲ್ಲಿ ಹೆಚ್ಚುವರಿ ಬೆಲೆ ನೀಡುವ ಅಗತ್ಯವಿಲ್ಲ.

ಹೆಚ್ಚಿನ ಮೊತ್ತದ ಖರೀದಿಗೆ ಮುನ್ನ ಪರಿಣತರ ಸಮಿತಿಯ ಪ್ರಮಾಣಪತ್ರವನ್ನು ಕೇಳಬೇಕು. ಲಂಡನ್ನಿನ ರಾಯಲ್ ಫಿಲಾಟೆಲಿಕ್ ಸೊಸೈಟಿಯ ಸಮಿತಿಯು ಅಂತಹವುಗಳಲ್ಲಿ ಒಂದು. ಪ್ರಮಾಣಪತ್ರದಲ್ಲಿನ ಛಾಯಾಚಿತ್ರವು ಕೈಯಲ್ಲಿರುವ ಚೀಟಿಯದೇ ಎಂಬುದನ್ನು ರಂಧ್ರಸಾಲಿನ ಮತ್ತು ಠಸ್ಸೆಯ ಗುರುತುಗಳಿಂದ ತಾಳೆನೋಡತಕ್ಕದ್ದು. ಪ್ರಮಾಣಪತ್ರದ ಶುಲ್ಕವು ಚೀಟಿಯ ಬೆಲೆಗಿಂತ ಹೆಚ್ಚಾಗುವ ಸಂದರ್ಭಗಳಲ್ಲಿ ಬೆಂಗಳೂರಿನ ಕರ್ನಾಟಕ ಫಿಲಾಟೆಲಿಕ್ ಸೊಸೈಟಿಯಂತಹ ಸಂಘಗಳ ಅನುಭವಿ ಸದಸ್ಯರ ಅಭಿಪ್ರಾಯ ಪಡೆಯುವುದು ಪ್ರಾಯೋಗಿಕ. ಪ್ರಧಾನ ಅಂಚೆ ಕಚೇರಿಗಳಲ್ಲಿರುವ ಫಿಲಾಟೆಲಿಕ್ ಬ್ಯೂರೋಗಳು ಅಂಚೆಚೀಟಿಗಳ ಮಾರಾಟಕ್ಕಾಗಿ ಇವೆ. ಹಳೆಯ ಚೀಟಿಗಳ ಮೌಲ್ಯಮಾಪನಕ್ಕಾಗಿ ಅಲ್ಲ.

ವಾರಸಾಗಿ ಬಂದ ಸಂಗ್ರಹವನ್ನು ಮಾರಲು ಇಚ್ಛಿಸುವವರು ಚೀಟಿಗಳನ್ನು ತೊಳೆಯದೆ, ಬಿಡಿಸದೆ, ಆಲ್ಬಂನಲ್ಲಿದ್ದಂತೆಯೇ ಇಬ್ಬರು ಮೂವರಿಗೆ ತೋರಿಸಿ ಬೆಲೆಯನ್ನು ಲಿಖಿತವಾಗಿ ಪಡೆಯಬೇಕು. ಆಲ್ಬಂನ ಅಂಚಿನಲ್ಲಿ ಹಿರಿಯರು ಪೆನ್ಸಿಲಿನಿಂದ ಬರೆದ ಟಿಪ್ಪಣಿಗಳನ್ನು ಅಳಿಸಬಾರದು. ಸಂಗ್ರಹವನ್ನು ಮುಂದುವರಿಸುವವರು ಸರಳವಾದ ಒಂದು ವಹಿಯನ್ನು ಇಡುವುದು ಉಪಯುಕ್ತ. ಅದರಲ್ಲಿ ಚೀಟಿಯ ಕ್ಯಾಟಲಾಗ್ ಸಂಖ್ಯೆ, ನೀರುಗುರುತು, ಠಸ್ಸೆಯ ದಿನಾಂಕ, ಕೊಂಡ ದಿನಾಂಕ ಮತ್ತು ಬೆಲೆ, ಮಾರಾಟಗಾರರು ಹೇಳಿದ ಛಾಯೆ ಹಾಗೂ ತಾವು ಹಗಲು ಬೆಳಕಿನಲ್ಲಿ ಕಂಡ ಛಾಯೆ ಎಂಬ ಅಂಕಣಗಳಿರಲಿ. ಕೊನೆಯ ಎರಡು ಅಂಕಣಗಳು ತಾಳೆಯಾಗದ ಚೀಟಿಗಳನ್ನು ಪ್ರತ್ಯೇಕ ಲಕೋಟೆಯಲ್ಲಿ ತೆಗೆದಿರಿಸಿ, ಖಚಿತವಾದ ಹೋಲಿಕೆಯ ಚೀಟಿ ದೊರೆತಾಗ ಪುನಃ ಪರಿಶೀಲಿಸತಕ್ಕದ್ದು.